ನೆಲ್ಲಿಯ ಕೊಯ್ಲು ಮತ್ತು ಸಂಗ್ರಹದ ಮಿತಿ

ಗೃಹಸ್ಥನಿಗೆ ಸಂಗ್ರಹವಿಲ್ಲದೆ ಬಾಳುವೆ ಸಾಗದು. ಮುನಿಗಳು ನಾಳೆಗೆಂದು ಅನ್ನವನ್ನು ಇರಿಸಿಕೊಳ್ಳುವುದಿಲ್ಲ. ದಿನಕ್ಕೊಮ್ಮೆ ನಿಂತು, ಕರಪಾತ್ರದಲ್ಲಿ ಆಹಾರ ಸ್ವೀಕರಿಸುತ್ತಾರೆ. ಶ್ರಾವಕನಾದರೋ ಮಕ್ಕಳನ್ನೂ ವೃದ್ಧರನ್ನೂ ಅತಿಥಿಗಳನ್ನೂ ಪೊರೆಯಬೇಕಾದವನು. ಕಾಲದಲ್ಲಿ ದೊರೆತುದನ್ನು ಕೊರತೆಯ ದಿನಗಳಿಗೆ ಉಳಿಸಿಡುವುದು ಅವನ ಪಾಲಿಗೆ ವಿವೇಕವೇ ಸರಿ. ಆದರೆ ಈ ವಿವೇಕವು ಯಾವ ಘಟ್ಟದಲ್ಲಿ ಪರಿಗ್ರಹವಾಗಿ ಮಾರ್ಪಡುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಅಂಗಡಿಯ ಉಗ್ರಾಣಕ್ಕಿಂತ ಮೊದಲು ಅಡುಗೆಮನೆಯಲ್ಲಿ ಹುಡುಕುವುದು ಲೇಸು.

ದೀಪಾವಳಿಯ ನಿರ್ವಾಣ ಪೂಜೆ ಮುಗಿದು ಕಾರ್ತಿಕದ ಅಷ್ಟಾಹ್ನಿಕ ಪರ್ವ ಸಮೀಪಿಸುವ ಹೊತ್ತಿಗೆ ಹೊಂಬುಜ, ಸಿಂಹನಗದ್ದೆಗಳ ಸುತ್ತಿನ ಮಲೆನಾಡಿನಲ್ಲಿ ಬೆಟ್ಟದ ನೆಲ್ಲಿಕಾಯಿ ಬಲಿಯತೊಡಗುತ್ತದೆ. ಶರದೃತುವಿನ ಆ ಬಿಸಿಲಿನಲ್ಲಿ ತೋಟದಂಚಿಗೆ 2–3 ನೆಲ್ಲಿಮರಗಳಿರುವ ಒಂದು ಕೂಡುಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಗಂಡಸರು ದೋಟಿಯಿಂದ ಕಾಯಿ ಇಳಿಸುತ್ತಾರೆ, ಮಕ್ಕಳು ಹೆಕ್ಕುತ್ತಾರೆ. ಹೆಂಗಸರು ಕಾಯನ್ನು ತೊಳೆದು, ಬೇಯಿಸಿ, ಎಸಳು ಬಿಡಿಸಿ, ಬೀಜ ತೆಗೆದು, ಉಪ್ಪು ಬೆರೆಸಿ ಚಾಪೆಯ ಮೇಲೆ ಹರಡುತ್ತಾರೆ. ಸಂಜೆಯ ಇಬ್ಬನಿ ಬೀಳುವ ಮುನ್ನ ಎಲ್ಲವನ್ನೂ ಒಳಗೆ ತಂದು ಬಟ್ಟೆ ಮುಚ್ಚುತ್ತಾರೆ. ಕೆಲವು ದಿನಗಳ ಬಿಸಿಲಿಗೆ ಅದು ಕಪ್ಪಾಗಿ, ಗಟ್ಟಿಯಾಗಿ, ನೆಲ್ಲಿಚಟ್ಟಾಗುತ್ತದೆ. ಮಳೆಗಾಲದಲ್ಲಿ ತಂಬುಳಿಗೆ ಅದೇ ಆಧಾರ.

ಕೊಯ್ಲಿನಲ್ಲಿಯೇ ಮೊದಲ ಪರೀಕ್ಷೆ ಎದುರಾಗುತ್ತದೆ. ನೆಲ್ಲಿಯ ಕಾಯಿ ಬಲಿತ ಮೇಲೂ ಕೊಂಬೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಒಂದೊಂದಾಗಿ ಬಿಡಿಸುವ ತಾಳ್ಮೆಯಿಲ್ಲದವರು ಕೊಂಬೆಯನ್ನೇ ಕಡಿದು ನೆಲಕ್ಕೆ ಕೆಡಹುತ್ತಾರೆ. “ಕೊಂಬೆ ಮತ್ತೆ ಚಿಗುರುತ್ತದಲ್ಲ ಅಜ್ಜಿ” ಎನ್ನುವ ಮೊಮ್ಮಗನಿಗೆ, “ಚಿಗುರುವುದು ಮರದ ಗುಣ, ಕಡಿಯದಿರುವುದು ನಮ್ಮ ಗುಣ ಮಗು” ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಷಡ್ಲೇಶ್ಯೆಗಳಿಗೆ ಕೊಟ್ಟಿರುವ ದೃಷ್ಟಾಂತವು ಇದೇ ಸಂಗತಿಯನ್ನು ಕುರಿತದ್ದು. ಹಸಿದ ಆರು ಮಂದಿ ದಾರಿಗರು ಫಲಭರಿತವಾದ ಮರವನ್ನು ಕಾಣುತ್ತಾರೆ. ಒಬ್ಬನು ಬೇರುಸಹಿತ ಕೀಳಲು ಬಯಸಿದರೆ, ಉಳಿದವರು ಕ್ರಮವಾಗಿ ಕಾಂಡವನ್ನು, ಕೊಂಬೆಯನ್ನು, ರೆಂಬೆಯನ್ನು, ಹಣ್ಣನ್ನು ಮಾತ್ರ ಬಯಸುತ್ತಾರೆ. ಕೊನೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕು. ಹಸಿವು ಆರು ಮಂದಿಗೂ ಸಮಾನ. ಕೃಷ್ಣದಿಂದ ಶುಕ್ಲದವರೆಗಿನ ಭೇದವಿರುವುದು ಭಾವದಲ್ಲಿ. ಉದುರಿದ ನೆಲ್ಲಿಗೆ ಮನುಷ್ಯನೊಬ್ಬನೇ ಹಕ್ಕುದಾರನೂ ಅಲ್ಲ. ಕಾಡಿನಂಚಿನಲ್ಲಿ ಜಿಂಕೆಗಳು ಅದನ್ನು ತಿಂದು, ಗೊರಟನ್ನು ಬೇರೆಡೆ ಉಗುಳಿ, ಹೊಸ ಸಸಿಗೆ ಕಾರಣವಾಗುತ್ತವೆ. ಆದುದರಿಂದ ಮರದ ಕೆಳಗೆ ಒಂದಿಷ್ಟನ್ನು ಬಿಟ್ಟು ಬರುವುದು ನಷ್ಟವಲ್ಲ.

ಎರಡನೆಯ ಪರೀಕ್ಷೆ ಸಂಸ್ಕರಣೆಯದು. ನೆಲ್ಲಿಯ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನ ಪಾಲು ನೀರು. ಆ ನೀರು ಆರಿದಾಗ ಸೂಕ್ಷ್ಮಜೀವಿಗಳ ಉತ್ಪತ್ತಿಗೆ ಆಸ್ಪದ ಕಡಿಮೆ. ತೇವವುಳಿದ ಉಪ್ಪಿನಕಾಯಿಯ ಮಾತು ಬೇರೆ. ಅದಕ್ಕೆ ಒಂದು ಅಹೋರಾತ್ರಿಯ ಮರ್ಯಾದೆಯನ್ನು ಮಾತ್ರ ಒಪ್ಪುವ ವ್ರತಿಕರಿದ್ದಾರೆ. ವರ್ಷಪೂರ್ತಿ ಉಪ್ಪಿನಕಾಯಿಯ ಭರಣಿಗಳಿರುವ ಜೈನ ಮನೆಗಳೂ ಉಂಟು. ಎಲ್ಲರ ಶಕ್ತಿಯೂ ಒಂದೇ ಅಲ್ಲ. ಆದರೆ ಆಹಾರಕ್ಕೊಂದು ಮರ್ಯಾದೆಯುಂಟೆಂಬ ಅರಿವು ಎಲ್ಲರಿಗೂ ಬೇಕು.

ಮೂರನೆಯ ಪರೀಕ್ಷೆಯೇ ಕಠಿನವಾದುದು: ಎಷ್ಟು? ಮನೆಗೆ ವರ್ಷಕ್ಕೆ 4 ಕಿಲೋ ಚಟ್ಟು ಸಾಕಾಗುವುದೆಂದು ಭಾವಿಸೋಣ. ಫಸಲು ಚೆನ್ನಾಗಿ ಬಂದಿತೆಂಬ ಒಂದೇ ಕಾರಣಕ್ಕೆ 8 ಕಿಲೋ ಒಣಗಿಸಿ ಇಟ್ಟರು. ಆಷಾಢ, ಶ್ರಾವಣಗಳ ಜಡಿಮಳೆಯಲ್ಲಿ ಡಬ್ಬಿಯೊಳಗೆ ತೇವ ಸೇರಿತು, ಬೂಷ್ಟು ಹಿಡಿಯಿತು, ಹುಳು ಬಿದ್ದಿತು; ಕೊನೆಗೆ ಅದನ್ನು ತಿಪ್ಪೆಗೆ ಸುರಿದರು. ಇಲ್ಲಿ ಆದ ನಷ್ಟವನ್ನು ಕೇವಲ ಹಣದಿಂದ ಅಳೆಯಲಾಗದು. ಕುಟುಂಬದ ಆಹಾರಕ್ಕಾಗಿ ಕೊಯ್ದು ಬೇಯಿಸುವಾಗ ಆಗುವ ಹಿಂಸೆ ಆರಂಭೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ತಿಯಾಗಿ ತಪ್ಪದು. ಯಾರ ಹಸಿವನ್ನೂ ತಣಿಸದೆ ಕೊಳೆತ ಆ 4 ಕಿಲೋಗಾಗಿ ಸುರಿದ ನೀರು, ಉರಿಸಿದ ಸೌದೆ, ಕಿತ್ತ ಕಾಯಿ, ಹುಟ್ಟಿ ಸತ್ತ ಜೀವಗಳಿಗೆ ಯಾವ ಪ್ರಯೋಜನವನ್ನು ತೋರಿಸಬಹುದು? ನಿಷ್ಪ್ರಯೋಜನವಾಗಿ ನೀರು, ಬೆಂಕಿ, ಸಸ್ಯಗಳನ್ನು ಹಾಳುಗೆಡಹುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಅವರೇ ಹೆಸರಿಸಿದ್ದಾರೆ. ಅತಿಸಂಗ್ರಹವು ಬಂದಲ್ಲಿ ಹಿಂಸೆಯು ಬೆನ್ನಿಗೇ ಬರುತ್ತದೆಂಬುದಕ್ಕೆ ಬೂಷ್ಟು ಹಿಡಿದ ಆ ಡಬ್ಬಿಯೇ ಸಾಕ್ಷಿ.

“ಹೆಚ್ಚಿಗೆ ಇದ್ದರೆ ತಾನೆ ಅತಿಥಿಗೆ, ರೋಗಿಗೆ ಕೊಡಲು ಸಾಧ್ಯ? ಮರದಲ್ಲೇ ಬಿಟ್ಟರೆ ಹಾಳಾಗುವುದಿಲ್ಲವೇ?” ಎಂಬ ಆಕ್ಷೇಪ ಸಹಜವಾದುದು, ನ್ಯಾಯವಾದುದೂ ಹೌದು. ಆಹಾರದಾನ ಮಾಡಬೇಕಾದ ಶ್ರಾವಕನ ಮನೆಯಲ್ಲಿ ತನಗಿಂತ ತುಸು ಹೆಚ್ಚು ಇರಲೇಬೇಕು. ಹೆಚ್ಚಾದುದನ್ನು ಮಾರಿ ಸಂಸಾರ ನಡೆಸುವುದೂ ದೋಷವಲ್ಲ. ಆದರೆ ಕೊಡುವ ಪಾಲನ್ನು ಕೊಯ್ಲಿನ ದಿನವೇ ಬೇರೆ ಮಾಡಬೇಕು. ಮರ ಹತ್ತಿದ ಆಳಿಗೆ ಕೂಲಿಯ ಜೊತೆಗೆ ಒಂದು ಪಾಲು, ಮರವಿಲ್ಲದ ನೆರೆಮನೆಗೆ ಒಂದು ಪಾಲು, ಅತಿಥಿಗಳಿಗೆಂದು ಒಂದು ಪಾಲು. ಮುಂದೆಂದೋ ಕೊಡುವೆನೆಂದು ಬಚ್ಚಿಟ್ಟದ್ದು ಬಹುಮಟ್ಟಿಗೆ ಕೊಡದೆಯೇ ಉಳಿಯುತ್ತದೆ. ಬೂಷ್ಟು ಹಿಡಿಯುವ ಕಾಲಕ್ಕೆ ಕೊಟ್ಟದ್ದನ್ನು ದಾನವೆನ್ನಲಾಗದು.

ವರ್ತಕನ ಲೆಕ್ಕಪತ್ರದಲ್ಲಿ ವರ್ಷಾಂತ್ಯದ ದಾಸ್ತಾನನ್ನು ಆಸ್ತಿಯ ಕಡೆಗೆ ಬರೆಯುವುದು ಕ್ರಮ. ವ್ಯಾಪಾರಿಯ ದಾಸ್ತಾನಿಗೆ ಮಿತಿ ಹಾಕುವ ಅಧಿಕಾರವನ್ನು 1955ರ ಅಗತ್ಯ ವಸ್ತುಗಳ ಕಾಯಿದೆಯು ಸರಕಾರಕ್ಕೆ ಕೊಟ್ಟಿದೆ. ಅಡುಗೆಮನೆಯ ಭರಣಿಗೆ ಅಂಥ ಇನ್‌ಸ್ಪೆಕ್ಟರರಿಲ್ಲ. ಅಲ್ಲಿ ಮಿತಿ ಹಾಕಿಕೊಳ್ಳಬೇಕಾದವನು ಗೃಹಸ್ಥನೇ. ಭೋಗೋಪಭೋಗ ಪರಿಮಾಣವನ್ನು ಯಾವಜ್ಜೀವ ಯಮವಾಗಿಯೂ ಕಾಲಾವಧಿಯ ನಿಯಮವಾಗಿಯೂ ಪಾಲಿಸಲು ಆಚಾರ್ಯರು ಅವಕಾಶವಿತ್ತಿದ್ದಾರೆ. ಯಮಕ್ಕೆ ಶಕ್ತಿ ಸಾಲದವರು ಒಂದು ವರ್ಷದ ನಿಯಮವನ್ನಾದರೂ ಕೈಗೊಳ್ಳಬಹುದು: ಕಾರ್ತಿಕದಲ್ಲಿ ಹೊಸ ಕಾಯಿಗೆ ದೋಟಿ ಎತ್ತುವ ಮುನ್ನ ಹಳೆಯ ಭರಣಿಯನ್ನು ತೆರೆದು ನೋಡುವುದು, ಅದರಲ್ಲಿ ಉಳಿದಿರುವಷ್ಟನ್ನು ಈ ವರ್ಷದ ಕೊಯ್ಲಿನಲ್ಲಿ ಕಳೆಯುವುದು. ಬೇಡವಾದುದನ್ನು ಮರದಲ್ಲೇ ಬಿಡಲು ಕಲಿತ ಮನೆಗೆ ಅಪರಿಗ್ರಹವು ಕೇವಲ ಪ್ರವಚನದ ಮಾತಾಗಿ ಉಳಿಯುವುದಿಲ್ಲ.