ಸಿಟ್ಟಿನ ಮುಂದಿನ ಹಾಡು

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಕಾಲ. ರಜೆಗೆಂದು ನಮ್ಮೂರಿಗೆ ಬಂದಳೆಂದರೆ ಮನೆಯ ಟೇಪ್‌ರೆಕಾರ್ಡರಿಗೆ ಬಿಡುವೇ ಇರುತ್ತಿರಲಿಲ್ಲ. ಬೆಳಿಗ್ಗೆ ನಾನು ಹಾಕಿದ ದೇವರನಾಮ ಮುಗಿಯುವುದೇ ತಡ, ಅವಳ ಅಲಾನಿಸ್ ಮೋರಿಸೆಟ್ ಶುರು. ಕೆನಡಾ ದೇಶದ ಆ ಹುಡುಗಿಯ ‘ಜ್ಯಾಗ್ಡ್ ಲಿಟ್ಲ್ ಪಿಲ್’ ಕ್ಯಾಸೆಟ್ಟು ತಿರುಗಿ ತಿರುಗಿ ಸವೆದುಹೋಗಿತ್ತು. ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ. ಅದು ಹಾಡೋ ಜಗಳವೋ ಎಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲಾಮೇಲೆ, ನಿಜ ಹೇಳುತ್ತೇನೆ, ಆ ಜಗಳ ನನಗೂ ಇಷ್ಟವಾಗತೊಡಗಿತು.

1998ರ ಡಿಸೆಂಬರಿನಲ್ಲಿ ಅವಳು ಹೊಸ ಕ್ಯಾಸೆಟ್ಟು ತಂದಳು. ಎರಡು ದಿನ ಕೇಳಿ, ಮೂರನೆಯ ದಿನ ಡಬ್ಬಿಯೊಳಗೆ ಹಾಕಿಟ್ಟುಬಿಟ್ಟಳು. ಯಾಕೆಂದು ಕೇಳಿದೆ.

“ಇವಳು ಮೊದಲಿನ ಹಾಗಿಲ್ಲ ದೊಡ್ಡಮ್ಮ. ಇಂಡಿಯಾಕ್ಕೆ ಬಂದು ಹೋದಳಂತೆ. ಈಗ ಎಲ್ಲರಿಗೂ ಥ್ಯಾಂಕ್ಸ್ ಹೇಳ್ತಾ ಕೂತಿದ್ದಾಳೆ” ಎಂದಳು. ಅವಳ ದನಿಯಲ್ಲಿ ಗೆಳತಿಯೊಬ್ಬಳು ಕೈಕೊಟ್ಟ ನೋವಿತ್ತು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು. ಆ ಮಧ್ಯಾಹ್ನ ಕ್ಯಾಸೆಟ್ಟಿನ ಒಳಗಿದ್ದ ಮಡಿಕೆ ಕಾಗದ ಬಿಡಿಸಿ, ಕನ್ನಡಕ ಹಾಕಿಕೊಂಡು, ಪಾಠ ಓದಿದ ಹಾಗೆ ಆ ಹಾಡುಗಳನ್ನು ಓದಿದೆ. ಓದುತ್ತಾ ಹೋದಂತೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೂತಿತು. ನಮ್ಮ ಸಿಟ್ಟನ್ನು ತನ್ನ ಬಾಯಲ್ಲಿ ಆಡಿದವಳು, ಸಿಟ್ಟು ಇಳಿದ ಮೇಲೆ ನಮಗೆ ದ್ರೋಹ ಮಾಡಿದ ಹಾಗೆಯೇ? ಹೆಂಗಸೊಬ್ಬಳು ಮೆತ್ತಗಾದರೆ ಅದನ್ನು ಬೆಳವಣಿಗೆ ಎನ್ನಬೇಕೋ, ಸೋಲು ಎನ್ನಬೇಕೋ?

ಅಲಾನಿಸ್ ಹುಟ್ಟಿದ್ದು 1974ರಲ್ಲಿ, ಕೆನಡಾದ ಒಟ್ಟಾವದಲ್ಲಿ. ಚಿಕ್ಕಂದಿನಲ್ಲೇ ಟಿ.ವಿ.ಯ ಮಕ್ಕಳ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡವಳು. 1991ರಲ್ಲಿ ಮತ್ತು 1992ರಲ್ಲಿ ಕೆನಡಾದಲ್ಲಿ ಮಾತ್ರ ಅವಳ ಎರಡು ಆಲ್ಬಮ್‌ಗಳು ಬಂದವು. ಹದಿಹರೆಯದವರು ಕುಣಿಯಲೆಂದು ಮಾಡಿದ ಥಳಕುಬಳುಕಿನ ಹಾಡುಗಳು. ಆಮೇಲೆ ಅಮೆರಿಕದ ಲಾಸ್ ಏಂಜಲೀಸಿಗೆ ಹೋದಳು. ಅಲ್ಲಿ ಗ್ಲೆನ್ ಬ್ಯಾಲರ್ಡ್ ಎಂಬ ಸಂಗೀತಗಾರನ ಜೊತೆ ಕೂತು ಬರೆದ ಹಾಡುಗಳು 1995ರ ಜೂನಿನಲ್ಲಿ ‘ಜ್ಯಾಗ್ಡ್ ಲಿಟ್ಲ್ ಪಿಲ್’ ಎಂಬ ಹೆಸರಿನಲ್ಲಿ ಹೊರಬಂದವು. ಒರಟು ಅಂಚಿನ ಪುಟ್ಟ ಗುಳಿಗೆ ಎಂದು ಆ ಹೆಸರಿನ ಅರ್ಥ. ನುಂಗುವಾಗ ಗಂಟಲು ಗೀರುವಂಥದ್ದು. ತನ್ನನ್ನು ಬಿಟ್ಟು ಇನ್ನೊಬ್ಬಳ ಜೊತೆ ಹೋದ ಗಂಡಸನ್ನು ನಿಲ್ಲಿಸಿ ಕೇಳುವ ‘ಯೂ ಆಟಾ ನೋ’ ಎಂಬ ಹಾಡು ಲೋಕವೆಲ್ಲ ಸುತ್ತಿತು. ಆಲ್ಬಮ್ಮಿನ 3 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. 1996ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವಳಿಗೆ 21 ವರ್ಷ.

ಹೀಗೆ ಹೆಸರಾದವರು ಮಾಡುವುದೇನು? ಜನ ಮೆಚ್ಚಿದ್ದನ್ನೇ ಮತ್ತೆ ಬಡಿಸುತ್ತಾರೆ. ಮದುವೆಮನೆಯಲ್ಲಿ ಒಮ್ಮೆ ಚೆನ್ನಾಗಿ ಬಂದ ಹೋಳಿಗೆಯನ್ನು ಮುಂದಿನ ಎಲ್ಲ ಮದುವೆಗೂ ಅವರಿಂದಲೇ ಮಾಡಿಸುವುದಿಲ್ಲವೆ, ಹಾಗೆ. ಇವಳು ಹಾಗೆ ಮಾಡಲಿಲ್ಲ. ಒಂದೂವರೆ ವರ್ಷ ದೇಶದೇಶ ತಿರುಗಿ ಹಾಡಿ, ಸುಸ್ತಾಗಿ ನಿಲ್ಲಿಸಿದಳು. 1997ರಲ್ಲಿ ತಾಯಿಯನ್ನೂ ಕೆಲವು ಆಪ್ತರನ್ನೂ ಕರೆದುಕೊಂಡು ಭಾರತಕ್ಕೆ ಬಂದಳು. ಹಿಂತಿರುಗಿ ಬರೆದ ಹಾಡುಗಳೇ 1998ರ ನವೆಂಬರಿನಲ್ಲಿ ಬಂದ ‘ಸಪೋಸ್ಡ್ ಫಾರ್ಮರ್ ಇನ್‌ಫ್ಯಾಚುಯೇಶನ್ ಜಂಕಿ’. 17 ಹಾಡುಗಳು, 70 ನಿಮಿಷಕ್ಕೂ ಮಿಕ್ಕಿದ ಕ್ಯಾಸೆಟ್ಟು. ಮೊದಲ ವಾರದಲ್ಲೇ ಅಮೆರಿಕದಲ್ಲಿ 4 ಲಕ್ಷ 69 ಸಾವಿರ ಪ್ರತಿ ಖರ್ಚಾದವು. ಅಲ್ಲಿಯವರೆಗೆ ಯಾವ ಗಾಯಕಿಗೂ ಮೊದಲ ವಾರದಲ್ಲಿ ಅಷ್ಟು ಮಾರಾಟವಾಗಿರಲಿಲ್ಲ. ಆದರೆ ಒಟ್ಟು ಲೆಕ್ಕದಲ್ಲಿ ಅದು ಹಿಂದಿನದರ ಹತ್ತಿರಕ್ಕೂ ಬರಲಿಲ್ಲ. ಓಡಿ ಹೋಗಿ ಕೊಂಡವರಲ್ಲಿ ಎಷ್ಟೋ ಮಂದಿ ನಮ್ಮ ಹುಡುಗಿಯ ಹಾಗೆ ಡಬ್ಬಿಯೊಳಗೆ ಹಾಕಿಟ್ಟಿರಬೇಕು.

ಅವರನ್ನು ದೂರುವ ಹಾಗೂ ಇಲ್ಲ. ಆ ಹಾಡುಗಳು ಸುಲಭವಾಗಿ ನಾಲಗೆಗೆ ಸಿಕ್ಕುವಂಥವಲ್ಲ. ಸಾಲುಗಳು ಉದ್ದುದ್ದ, ತಾಳದೊಳಗೆ ಹಿಡಿಯದಷ್ಟು ಮಾತು. ‘ಅನ್‌ಸೆಂಟ್’ ಎಂಬ ಹಾಡಿಗೆ ಪಲ್ಲವಿಯೇ ಇಲ್ಲ. ಅದು ಹಿಂದೆ ತಾನು ಪ್ರೀತಿಸಿದ್ದ ಒಬ್ಬೊಬ್ಬರಿಗೂ ಬರೆದು ಅಂಚೆಗೆ ಹಾಕದೆ ಇಟ್ಟ ಕಾಗದಗಳ ಹಾಗಿದೆ. ಅದರಲ್ಲಿ ದೂರು ಕಡಿಮೆ. ನಿನ್ನ ಜೊತೆ ನಾನೂ ಸರಿಯಾಗಿ ನಡೆದುಕೊಳ್ಳಲಿಲ್ಲ ಎನ್ನುವ ಧಾಟಿ ಹೆಚ್ಚು. ಮೂರು ವರ್ಷದ ಹಿಂದೆ ಎದುರಿಗಿದ್ದವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದವಳು ಈಗ ತಾನೂ ಹೋಗಿ ಪಕ್ಕದಲ್ಲಿ ನಿಂತಿದ್ದಾಳೆ. ಆ ಹಾಡಿನಲ್ಲಿ ಅವಳು ಹೆಸರು ಹಿಡಿದು ಕರೆಯುವುದು ನನಗೆ ಸ್ವಲ್ಪ ಇರುಸುಮುರುಸಾಯಿತು. ಕಳುಹಿಸದ ಕಾಗದವನ್ನು ಲೋಕವೆಲ್ಲ ಓದಿದರೆ ಆ ಗಂಡಸರಿಗೆ ಏನನ್ನಿಸಬೇಡ? ಅದು ಇಂದಿಗೂ ನನಗೆ ಬಗೆಹರಿದಿಲ್ಲ. ಆದರೂ ತನ್ನ ತಪ್ಪನ್ನು ತಾನೇ ಹಾಡಿ ಹೇಳುವುದು ಸಣ್ಣ ಮಾತಲ್ಲ.

ಇನ್ನು ‘ಥ್ಯಾಂಕ್ ಯೂ’. ನಮ್ಮ ದೇಶದ ಹೆಸರು ಹಿಡಿದು ಧನ್ಯವಾದ ಹೇಳುವ ಹಾಡು ಇದೇ. “ನೋಡಿದ್ರಾ, ನಮ್ಮ ದೇಶಕ್ಕೆ ಬಂದು ಆ ಹುಡುಗಿ ಸರಿಹೋದಳು” ಎಂದು ಹೆಮ್ಮೆಪಡುವುದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ಅವಳು ಕೃತಜ್ಞತೆ ಹೇಳುವ ಪಟ್ಟಿಯಲ್ಲಿ ನಮ್ಮ ದೇಶದ ಜೊತೆ ಮನಸ್ಸನ್ನು ಹಿಂಡಿದ, ಭ್ರಮೆ ಕಳೆದ ಸಂಗತಿಗಳೂ ಇವೆ. ಅದೇ ಆಲ್ಬಮ್ಮಿನ ‘ಬಾಬಾ’ ಎಂಬ ಹಾಡಿನಲ್ಲಿ ಗುರುಗಳ ಹಿಂದೆ ಅಲೆಯುವವರನ್ನು ಅವಳು ಚುಚ್ಚುತ್ತಾಳೆ. ಶಾಂತಿಯ ಅಂಗಡಿ ಕಂಡಲ್ಲೆಲ್ಲ ಕೈಮುಗಿಯುವ ಪೈಕಿ ಅವಳಲ್ಲ.

ತಂಗಿಯ ಮಗಳ ಸಂಕಟ ನನಗೆ ತಟ್ಟಲು ಬೇರೆಯೇ ಕಾರಣವಿದೆ. ಅದನ್ನು ಹೇಳದೆ ಈ ಮಾತು ಪೂರ್ತಿಯಾಗದು.

1966ರಲ್ಲಿ ನಾನು ಪಿ.ಯು.ಸಿ. ಪಾಸಾದೆ. ಒಳ್ಳೆಯ ಅಂಕಗಳೇ ಬಂದಿದ್ದವು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಆಸೆ. ಅಪ್ಪ ಒಪ್ಪಲಿಲ್ಲ. ಇದ್ದ ಹಣ ಅಣ್ಣನ ಓದಿಗೆ ಎಂದರು. ಅಣ್ಣ ಎರಡು ವರ್ಷ ಓದಿ ಬಿಟ್ಟುಬಂದ. ನನಗೆ ಮದುವೆಯಾಯಿತು. ಗಂಡನ ಮನೆಯಲ್ಲಿದ್ದುಕೊಂಡೇ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಂಚೆಯಲ್ಲಿ ಬಂದ ಪಾಠ ಓದಿ ಬಿ.ಎ. ಮಾಡಿದೆ. ಆದರೆ ಅಪ್ಪನ ಮೇಲಿನ ಸಿಟ್ಟು ಇಳಿಯಲಿಲ್ಲ. ತವರಿಗೆ ಹೋದರೂ ಅವರೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. “ಕಾಫಿ ಆಗಿದೆ ಅಂತ ಹೇಳಮ್ಮ” ಎಂದು ಅಮ್ಮನ ಮೂಲಕ ಹೇಳಿಸುತ್ತಿದ್ದೆ.

ನೆಂಟರಿಷ್ಟರು ನನ್ನನ್ನು ಸಿಡುಕಿ ಎಂದರು. ಆದರೆ ಆ ಸಿಟ್ಟಿನಿಂದ ಒಂದು ಒಳ್ಳೆಯದಾಯಿತು. ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿಯ ಸರದಿ ಬಂದಾಗ ಅಪ್ಪ ತುಟಿ ಪಿಟಕ್ಕೆನ್ನದೆ ಕಾಲೇಜಿಗೆ ಕಳಿಸಿದರು. ಇವಳೂ ದೊಡ್ಡವಳ ಹಾಗೆ ಮುಖ ತಿರುಗಿಸಿದರೆ ಗತಿಯೇನು ಎಂಬ ಅಳುಕು ಅವರಿಗೆ. ತಂಗಿ ಬಿ.ಎಸ್ಸಿ. ಮಾಡಿದಳು. ತನ್ನ ಓದಿನ ಕೀಲಿಕೈ ಅಕ್ಕನ ಸಿಟ್ಟು ಎಂದು ಅವಳು ಇಂದಿಗೂ ನಂಬಿದ್ದಾಳೆ.

1999ರ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅಮ್ಮ ಆಗಲೇ ಇರಲಿಲ್ಲ. ಶಾಲೆಗೆ ರಜೆಯಿತ್ತು, ನಾನು ಹೋಗಿ ನಿಂತೆ. ಒಂದು ಸಂಜೆ ಗಂಜಿ ಕುಡಿಸುತ್ತಿದ್ದಾಗ, ನಾನು ಆರು ವರ್ಷದವಳಿದ್ದಾಗ ಅವರು ತೊಡೆಯ ಮೇಲೆ ಕೂರಿಸಿಕೊಂಡು ದಿನಪತ್ರಿಕೆಯ ದಪ್ಪಕ್ಷರಗಳನ್ನು ಓದಿಸುತ್ತಿದ್ದುದು ನೆನಪಾಯಿತು. ತಡೆಯಲಾಗಲಿಲ್ಲ. “ಅಪ್ಪಾ, ನನಗೆ ಓದೋ ಹುಚ್ಚು ಹತ್ತಿಸಿದ್ದು ನೀವೇ. ಆ ಉಪಕಾರ ಮರೆಯೋದಿಲ್ಲ” ಎಂದೆ. ಅವರ ಕಣ್ಣಲ್ಲಿ ನೀರು ಬಂತು.

ಬಾಗಿಲ ಬಳಿ ತಂಗಿ ನಿಂತಿದ್ದಳು. ಆ ರಾತ್ರಿ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದಳು: “ಹಾಗಾದ್ರೆ ಅವರು ಮಾಡಿದ್ದು ಸರಿ ಅಂದ ಹಾಗಾಯ್ತಲ್ಲ ಅಕ್ಕ? ಮೂವತ್ಮೂರು ವರ್ಷದ ಸಿಟ್ಟು ಸುಮ್ಮನೆ ಪಟ್ಟಿದ್ದಾ?”

ನನಗೆ ಉತ್ತರ ಹೊಳೆಯಲಿಲ್ಲ. ತಾಯಿ ಮಗಳಿಬ್ಬರೂ ಒಂದೇ ಪ್ರಶ್ನೆ ಕೇಳಿದ್ದರು. ಮಗಳು ಹಾಡುಗಾರ್ತಿಯನ್ನು ಕುರಿತು, ತಾಯಿ ನನ್ನನ್ನು ಕುರಿತು.

ಅವರ ಅನುಮಾನ ಸುಳ್ಳಲ್ಲ. ಹೆಣ್ಣು ಮೆತ್ತಗಾದರೆ ಮನೆಮಂದಿಗೆಲ್ಲ ನೆಮ್ಮದಿ. ಭೂಮಿತಾಯಿಯ ಹಾಗೆ ಸಹಿಸಬೇಕು ಎಂದು ನಮಗೆ ತೊಟ್ಟಿಲಿನಿಂದಲೇ ಹೇಳಿಕೊಟ್ಟಿದ್ದಾರೆ. ಕ್ಷಮಿಸಿದವಳಿಗೆ ಸಿಗುವ ಹೊಗಳಿಕೆಯ ಕಾಲುಭಾಗವೂ ಕೇಳಿದವಳಿಗೆ ಸಿಗುವುದಿಲ್ಲ. ಹಾಗಾಗಿ ಹೆಂಗಸೊಬ್ಬಳು “ನನಗೀಗ ಯಾರ ಮೇಲೂ ಸಿಟ್ಟಿಲ್ಲ” ಎಂದಾಗ, ಅದು ಅವಳ ಒಳಗಿನಿಂದ ಬಂದ ಮಾತೋ, ಹೊರಗಿನವರು ಹೇಳಿಸಿದ್ದೋ ಎಂದು ಇನ್ನೊಬ್ಬ ಹೆಂಗಸು ಕಿವಿಗೊಟ್ಟು ಕೇಳಲೇಬೇಕು.

ಆದರೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ಹುಡುಗಿ ‘ಮೊದಲಿನ ಹಾಗಿಲ್ಲ’ ಎಂದಳಲ್ಲ, ಯಾವ ಮೊದಲು? ಆ ಸಿಟ್ಟಿನ ಅಲಾನಿಸ್‌ಗಿಂತ ಮೊದಲು ಕುಣಿತದ ಹಾಡಿನ ಅಲಾನಿಸ್ ಇದ್ದಳು. ಆ ಹುಡುಗಿಯನ್ನು ಮೆಚ್ಚಿದ್ದ ಕೆನಡಾದ ಮಕ್ಕಳು 1995ರಲ್ಲಿ ಇದೇ ಮಾತು ಹೇಳಿರಬಹುದು. ನಮಗೆ ಬೇಕಾದ ತಿರುವಿನಲ್ಲಿ ಬದಲಾದರೆ ಧೈರ್ಯ, ಬೇಡದ ತಿರುವಿನಲ್ಲಿ ಬದಲಾದರೆ ದ್ರೋಹ ಎನ್ನುವುದು ನ್ಯಾಯವಲ್ಲ. ನಮ್ಮ ಪಾಲಿನ ಸಿಟ್ಟನ್ನೂ ಆಜೀವ ಹೊತ್ತು ತಿರುಗು ಎಂದು ಇನ್ನೊಬ್ಬಳಿಗೆ ಹೇಳುವ ಹಕ್ಕು ನಮಗಿಲ್ಲ. ಸೊಸೆ ಯಾವತ್ತೂ ತಗ್ಗಿಬಗ್ಗಿಯೇ ಇರಬೇಕು ಎನ್ನುವವರಿಗೂ, ಹೋರಾಡಿದವಳು ಯಾವತ್ತೂ ಕತ್ತಿ ಹಿಡಿದೇ ಇರಬೇಕು ಎನ್ನುವವರಿಗೂ ಹೆಚ್ಚು ಅಂತರವಿಲ್ಲ.

ಹಾಗಾದರೆ ಬೆಳೆದದ್ದಕ್ಕೂ ಸೋತದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ನನಗೆ ಹೊಳೆದದ್ದು ಇಷ್ಟು. ಕೃತಜ್ಞತೆ ಬಂದ ಮೇಲೂ ಅವಳ ಬಾಯಲ್ಲಿ ನಿಜ ಉಳಿದಿದೆಯೇ ಎಂದು ನೋಡಬೇಕು.

ಮತ್ತೆ ಆ ಕಾಗದ ಬಿಡಿಸಿ ಓದಿದೆ. ಅದೇ ಆಲ್ಬಮ್ಮಿನಲ್ಲಿ ‘ಸಿಂಪಥೆಟಿಕ್ ಕ್ಯಾರೆಕ್ಟರ್’ ಎಂಬ ಹಾಡಿದೆ. ಹೆದರಿಸಿ ಆಳಿದವನೆದುರು ನಿಂತು, ತನ್ನ ಹೆದರಿಕೆಗಳನ್ನು ಒಂದೊಂದಾಗಿ ಎಣಿಸಿ ಹೇಳುವ ಹಾಡು. ತಣ್ಣಗಾದವಳು ಹಾಡುವ ಹಾಡಲ್ಲ ಅದು. ತಾಯಿಯನ್ನು ನೆನೆಯುವ ‘ಹಾರ್ಟ್ ಆಫ್ ದ ಹೌಸ್’ ಇದೆ. ಎಲ್ಲವನ್ನೂ ಕಳೆದುಕೊಂಡರೂ ನಾನು ಬೆಲೆಯುಳ್ಳವಳೇ ಎಂದು ತನ್ನನ್ನು ಕೇಳಿಕೊಳ್ಳುವ ‘ದಟ್ ಐ ವುಡ್ ಬಿ ಗುಡ್’ ಇದೆ. ಅದರಲ್ಲಿ ಅವಳೇ ಕೊಳಲು ನುಡಿಸಿದ್ದಾಳೆ. ಧನ್ಯವಾದವೂ ಇದೆ, ಲೆಕ್ಕ ಕೇಳುವುದೂ ಇದೆ. ಒಂದು ಇನ್ನೊಂದನ್ನು ನುಂಗಿಲ್ಲ.

ಮುಂದಿನ ವರ್ಷಗಳು ಇದನ್ನೇ ಸಾರಿದವು. 2002ರ ‘ಅಂಡರ್ ರಗ್ ಸ್ವೆಪ್ಟ್’ ಆಲ್ಬಮ್ಮನ್ನು ಅವಳೊಬ್ಬಳೇ ಬರೆದು, ತಾನೇ ನಿರ್ಮಿಸಿದಳು. ಅದರಲ್ಲಿನ ‘ಹ್ಯಾಂಡ್ಸ್ ಕ್ಲೀನ್’ ಹಾಡು, ಹದಿಹರೆಯದಲ್ಲಿ ವಯಸ್ಸಾದ ಗಂಡಸೊಬ್ಬ ತನ್ನನ್ನು ಬಳಸಿಕೊಂಡದ್ದನ್ನು ಕುರಿತದ್ದು. 1995ರ ಸಿಟ್ಟಿನಲ್ಲೂ ಹೇಳಲಾಗದಿದ್ದ ಮಾತು ಅದು. ‘ಥ್ಯಾಂಕ್ ಯೂ’ ಹಾಡಿದ ಮೇಲೆಯೇ ಅವಳಿಗೆ ಅದು ಸಾಧ್ಯವಾಯಿತು. ಅಂದರೆ ಸಿಟ್ಟು ಇಳಿದದ್ದರಿಂದ ಅವಳ ಬಾಯಿ ಕಟ್ಟಲಿಲ್ಲ.

ಈ ಅಳತೆಗೋಲನ್ನು ನನಗೇ ಹಿಡಿದಾಗ ನನ್ನ ತಪ್ಪು ಕಂಡಿತು. ಮನೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದೊಡನೆ ಖರ್ಚು ಅಳಿಸಿಹೋಗುವುದಿಲ್ಲ. ಎರಡೂ ಅದರದರ ಕಡೆ ಇರುತ್ತವೆ. ನಾನು ಅಪ್ಪನಿಗೆ ಜಮಾದ ಕಡೆಯನ್ನಷ್ಟೇ ಓದಿ ಹೇಳಿದ್ದೆ. “ಓದೋ ಹುಚ್ಚು ಹತ್ತಿಸಿದವರೇ ಓದಿಗೆ ಅಡ್ಡ ಬಂದಿರಿ, ಅದು ಅನ್ಯಾಯ” ಎಂಬ ಇನ್ನರ್ಧವನ್ನು ನುಂಗಿಕೊಂಡೆ. ರೋಗಿಯ ಎದುರು ಆ ಮಾತು ಬೇಡ ಎಂದು ಸುಮ್ಮನಾದದ್ದು ಸರಿಯೇ ಇರಬಹುದು. ಆದರೆ ಆ ರಾತ್ರಿ ತಂಗಿಗಾದರೂ ಹೇಳಬೇಕಿತ್ತು. ಅವಳ ನೋವು ನಾನು ಉಪಕಾರ ನೆನೆದದ್ದಕ್ಕಲ್ಲ, ಅನ್ಯಾಯವನ್ನು ಮರೆತೆನೆಂದು.

ಅಪ್ಪ ಆ ಮಳೆಗಾಲದಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ತಂಗಿಗೆ ಅಷ್ಟನ್ನೂ ಹೇಳಿದೆ. “ಸಿಟ್ಟು ಸುಮ್ಮನೆ ಪಟ್ಟಿದ್ದಲ್ಲ ಕಣೇ. ಅದು ನ್ಯಾಯದ ಸಿಟ್ಟೇ. ಆದರೆ ಅದರ ಕೆಲಸ ಮುಗಿದಿತ್ತು” ಎಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ “ಇದನ್ನ ಆವತ್ತೇ ಹೇಳಿದ್ರೆ ಆಗ್ತಿರಲಿಲ್ವಾ?” ಎಂದಳು. ಅಷ್ಟು ಸಾಕಾಯಿತು.

2005ರಲ್ಲಿ, ಹತ್ತು ವರ್ಷ ತುಂಬಿದಾಗ, ಅಲಾನಿಸ್ ‘ಜ್ಯಾಗ್ಡ್ ಲಿಟ್ಲ್ ಪಿಲ್’ನ ಹಾಡುಗಳನ್ನು ವಿದ್ಯುತ್ ವಾದ್ಯಗಳ ಅಬ್ಬರವಿಲ್ಲದೆ ಮತ್ತೆ ಹಾಡಿ ಹೊರತಂದಳು. ಹಳೆಯ ಸಿಟ್ಟಿನ ಮಾತುಗಳನ್ನು ಅವಳು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅವನ್ನು ಹೇಳುವ ದನಿ ಮಾತ್ರ ಬೇರೆಯಾಗಿತ್ತು.

ತಂಗಿಯ ಮಗಳಿಗೆ ಈಗ ನಲವತ್ತು ದಾಟಿದೆ. ಮೊನ್ನೆ ಫೋನು ಮಾಡಿ, “ದೊಡ್ಡಮ್ಮ, ನನ್ನ ಮಗಳು ಬಾಗಿಲು ಹಾಕಿಕೊಂಡು ಅದೇ ಜಗಳದ ಹಾಡು ಕೇಳ್ತಾಳೆ. ಏನು ಮಾಡ್ಲಿ?” ಎಂದು ನಕ್ಕಳು.

“ಕೇಳಲಿ ಬಿಡು. ಅವಳಿಗೂ ಯಾರ ಮೇಲೋ ಸಿಟ್ಟಿರಬೇಕು. ನೀನು ಡಬ್ಬಿಗೆ ಹಾಕಿಟ್ಟೆಯಲ್ಲ, ಆ ಎರಡನೆಯದು, ಅದನ್ನೂ ಹುಡುಕಿಟ್ಟಿರು” ಎಂದೆ.

“ಅದನ್ನ ನಾನೇ ಈಗ ಕೇಳ್ತಿದೀನಿ” ಎಂದಳು.