ಮಹಾಮಾರಿಯ ಪಕ್ಷಪಾತ

ಮೃತ್ಯುವಿಗೆ ಅರಸನೂ ಒಂದೇ, ಆಳೂ ಒಂದೇ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಹುಟ್ಟಿದವನು ಸಾಯಲೇಬೇಕೆಂಬಷ್ಟರಲ್ಲಿ ಅದು ನಿಜವೇ ಸರಿ. ಆದರೆ ಮಹಾಮಾರಿಯೊಂದು ಬಂದುಹೋದ ಮೇಲೆ ಸತ್ತವರ ಲೆಕ್ಕವನ್ನು ಪಂಗಡವಾರಾಗಿ ನೋಡಿದರೆ ಆ ಮಾತು ನಿಲ್ಲದು.

1918ನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರವು ಮುಂಬಯಿಯ ಬಂದರಿನಿಂದ ಹೊರಟು ಈ ದೇಶದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಕೊಂದಿತು. ನಮ್ಮ ಮೈಸೂರು ಸೀಮೆಯನ್ನೂ ಬಿಡಲಿಲ್ಲ. ಮುಂಬಯಿ ನಗರದ ಅಂದಿನ ಲೆಕ್ಕದಂತೆ ಸಾವಿರಕ್ಕೆ ಯೂರೋಪಿಯನ್ನರಲ್ಲಿ ಸುಮಾರು 8 ಮಂದಿಯೂ, ಪಾರ್ಸಿಗಳಲ್ಲಿ 9 ಮಂದಿಯೂ, ಕೆಳಜಾತಿಯ ಹಿಂದುಗಳೆಂದು ಬರೆಯಲ್ಪಟ್ಟವರಲ್ಲಿ 61 ಮಂದಿಯೂ ಮೃತರಾದರು. ಊರು ಒಂದೇ, ರೋಗವೂ ಒಂದೇ. ಮುಖ್ಯ ಕಾರಣವು ಸಮಾನವಾಗಿದ್ದು ಕಾರ್ಯದಲ್ಲಿ ಭೇದ ಕಂಡರೆ ಸಹಕಾರಿ ಕಾರಣವನ್ನು ಹುಡುಕಬೇಕೆಂಬುದು ತಾರ್ಕಿಕರ ಕ್ರಮ. ಇಲ್ಲಿ ದೂರ ಹುಡುಕಬೇಕಾದುದಿಲ್ಲ: ಗಾಳಿಯಾಡದ ಕೋಣೆ, ಆ ವರ್ಷ ಮಳೆ ಕೈಕೊಟ್ಟು ಏರಿದ ಧಾನ್ಯದ ಬೆಲೆ, ಜ್ವರದಲ್ಲಿಯೂ ಬಿಡಲಾಗದ ಕೂಲಿ.

ಸ್ತ್ರೀಯರ ವಿಷಯ ಇನ್ನೂ ವಿಚಾರಣೀಯವಾಗಿದೆ. ಅದೇ ಜ್ವರವು ಅಮೆರಿಕದಲ್ಲಿ ಗಂಡಸರನ್ನೂ, ನಮ್ಮಲ್ಲಿ ಹೆಂಗಸರನ್ನೂ ಹೆಚ್ಚಾಗಿ ಕೊಂದಿತು. ದೇಹಪ್ರಕೃತಿಯೊಂದೇ ಕಾರಣವಾಗಿದ್ದರೆ ಸಮುದ್ರ ದಾಟಿದ ಮಾತ್ರಕ್ಕೆ ಅದು ತಿರುಗುಮುರುಗಾಗುವುದುಂಟೆ? ಮನೆಯವರಿಗೆಲ್ಲ ಶುಶ್ರೂಷೆ ಮಾಡಿ, ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವವಳು ಯಾರೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಇದೆಲ್ಲ ಅವರವರ ಪ್ರಾರಬ್ಧವೆನ್ನುವವರು ಈಗಲೂ ಇದ್ದಾರೆ. ಕರ್ಮವು ಒಬ್ಬೊಬ್ಬ ಜೀವನದು. ಒಂದು ಕೇರಿಯವರ ಕರ್ಮವೆಲ್ಲ ಒಂದೇ ತಿಂಗಳಲ್ಲಿ ಪಕ್ವವಾಗಿ, ಎದುರು ಬೀದಿಯವರದು ಹಾಗೆಯೇ ಉಳಿಯಿತೆಂಬುದನ್ನು ಯಾವ ಶಾಸ್ತ್ರದಿಂದ ಸಾಧಿಸುವರೋ ನಾನರಿಯೆ. ಕರ್ಮಸಿದ್ಧಾಂತವನ್ನು ನಂಬುವ ನನಗೆ ಅದನ್ನು ಹೀಗೆ ನೆವವಾಗಿ ಬಳಸುವುದು ಅಪಚಾರವೆಂದೇ ತೋರುತ್ತದೆ.

2020ರಲ್ಲಿ ಕೊರೋನಾ ಬಂದಾಗ ಇಂಗ್ಲೆಂಡು ಅಮೆರಿಕಗಳಲ್ಲಿ ಜನಾಂಗವಾರು ಲೆಕ್ಕವಿಟ್ಟರು. ಕರಿಯರಲ್ಲಿ ಸಾವು ಹೆಚ್ಚೆಂಬುದು ಬಯಲಾಗಿ, ಏಕೆಂಬ ಪ್ರಶ್ನೆಯೂ ಹುಟ್ಟಿತು. ನಮ್ಮ ಸರ್ಕಾರದ ದಿನದಿನದ ಪ್ರಕಟಣೆಯಲ್ಲಿ ಸತ್ತವರ ಜಿಲ್ಲೆಯಿತ್ತು, ವಯಸ್ಸಿತ್ತು, ಗಂಡೋ ಹೆಣ್ಣೋ ಎಂಬುದಿತ್ತು, ಪಂಗಡವಿರಲಿಲ್ಲ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಜೇನುಕುರುಬರ ಹಾಡಿಗಳಲ್ಲಿ ಸಾವಿರಕ್ಕೆ ಎಷ್ಟು, ಹುಣಸೂರು, ಕೃಷ್ಣರಾಜನಗರಗಳ ಪೇಟೆಬೀದಿಗಳಲ್ಲಿ ಎಷ್ಟು ಎಂದು ಆ ಪ್ರಕಟಣೆಗಳನ್ನು ಕೇಳಿದರೆ ಉತ್ತರವಿಲ್ಲ.

ಸತ್ತವರ ಜಾತಿ ಕೇಳುವುದು ಅನುಚಿತವೆಂದು ಮಿತ್ರರೊಬ್ಬರೆಂದರು. ಶಾಲೆಗೆ ಸೇರುವಾಗ, ಮದುವೆಯಾಗುವಾಗ, ಮನೆ ಬಾಡಿಗೆಗೆ ಹುಡುಕುವಾಗ ತಪ್ಪದೆ ಕೇಳಿದುದನ್ನು ಸತ್ತಾಗ ಮಾತ್ರ ಕೇಳಬಾರದೆನ್ನುವ ಔದಾರ್ಯವು ಸತ್ತವರಿಗಿಂತ ಉಳಿದವರಿಗೇ ಅನುಕೂಲ. ಹೆಸರನ್ನು ಮರೆಮಾಡಲಿ; ಮರಣದ ಪ್ರಕಟಣೆಯಲ್ಲಿ ಪಂಗಡಕ್ಕೂ ಒಂದು ಕಲಮು ಇರಲಿ ಎಂದು ನನ್ನ ಮತ.