ಪರವಾಗಿಲ್ಲ ಎನ್ನುವ ಉತ್ತರ

ನಮ್ಮಲ್ಲಿ ಸಹನೆಗೆ ಸಿಗುವಷ್ಟು ಮರ್ಯಾದೆ ಬೇರೆ ಯಾವ ಗುಣಕ್ಕೂ ಸಿಕ್ಕಿದ್ದನ್ನು ನಾನು ಕಾಣೆ. ಅದರಲ್ಲೂ ಹೆಂಗಸಿನ ಸಹನೆಗೆ. ಅವಳನ್ನು ಭೂಮಿಗೆ ಹೋಲಿಸಿಬಿಟ್ಟರೆ ಮುಗಿಯಿತು, ಆಮೇಲೆ ಯಾರು ಎಷ್ಟು ಅಗೆದರೂ ನಡೆಯುತ್ತದೆ. ಈ ಸಹನೆಯ ದಿನಬಳಕೆಯ ರೂಪ 'ಪರವಾಗಿಲ್ಲ' ಎನ್ನುವ ಮಾತು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ ಪರವಾಗಿಲ್ಲ, ಕೊನೆಯ ಪಂಕ್ತಿಯಲ್ಲಿ ಪಲ್ಯ ಮುಗಿದಿದ್ದರೆ ಪರವಾಗಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರಾಯಿತು. ಕೇಳಲು ಹಿತವಾದ ಮಾತೇ. ಆದರೆ ಇದು ಎಲ್ಲಿಯವರೆಗೆ ಗುಣ, ಎಲ್ಲಿಂದ ಸುಳ್ಳು? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಒಂದು ಕಾರಿನ ಸ್ಪ್ರಿಂಗಿನ ದೆಸೆಯಿಂದ ಎಂದರೆ ನಿಮಗೆ ನಗು ಬರಬಹುದು.

ಹಾಸನದಲ್ಲಿರುವ ನನ್ನ ಅಕ್ಕನ ಮಗನಿಗೆ ಕಾರಿನ ಹುಚ್ಚು. ಅವನ ಬಳಿ ಇರುವುದು ಹಳೆಯ ಮಾರುತಿ ಸ್ವಿಫ್ಟ್. ಅದಕ್ಕೆ 'ಕಾಯಿಲ್‌ಓವರ್' ಎಂಬುದನ್ನು ತರಿಸಿ, ಮನೆಯ ಷೆಡ್ಡಿನಲ್ಲೇ ಎರಡು ದಿನ ಕೂತು ತಾನೇ ಜೋಡಿಸಿದ. ಆ ಎರಡು ದಿನವೂ ನಾನು ಅಲ್ಲೇ ಇದ್ದೆ. ಕಾಫಿ ಕೊಡಲು ಹೋದವಳು ಸ್ಟೂಲು ಎಳೆದುಕೊಂಡು ಕೂತುಬಿಟ್ಟೆ. ಅವನಿಗೂ ಪಾಠ ಹೇಳಲು ಯಾರಾದರೂ ಬೇಕಿತ್ತು.

ಕಾಯಿಲ್‌ಓವರ್ ಎಂದರೆ ಏನೂ ಮಹಾ ವಿಷಯವಲ್ಲ. ಷಾಕ್ ಅಬ್ಸಾರ್ಬರಿನ ಕೊಳವೆ, ಅದರ ಸುತ್ತ ಸುರುಳಿ ಸ್ಪ್ರಿಂಗು. ಕಂಪನಿಯ ಕಾರಿನ ಮುಂದಿನ ಚಕ್ರಗಳಿಗೂ ಇರುವುದು ಹೆಚ್ಚು ಕಡಿಮೆ ಇದೇ. ವ್ಯತ್ಯಾಸವೆಂದರೆ ಹೊಸದರ ಕೊಳವೆಯ ಮೈಮೇಲೆ ಬಾಟಲಿಯ ಬಾಯಿಗಿರುವಂತೆ ಮರೆ ಕೊರೆದಿರುತ್ತಾರೆ. ಅದರ ಮೇಲಿನ ಬಳೆಗಳನ್ನು ತಿರುಗಿಸಿ ಕಾರನ್ನು ತಗ್ಗಿಸಬಹುದು, ಎತ್ತಬಹುದು. ತಲೆಯ ಮೇಲೆ ಒಂದು ಪುಟ್ಟ ತಿರುಪು ಇರುತ್ತದೆ. ಅದು ಒಂದೊಂದು ಹೆಜ್ಜೆಗೂ 'ಟಿಕ್' ಎಂದು ಸದ್ದು ಮಾಡುತ್ತದೆ. ಇವನು ತರಿಸಿದ್ದರಲ್ಲಿ ಇಪ್ಪತ್ತನಾಲ್ಕು ಟಿಕ್ಕುಗಳು. ಒಂದು ಕಡೆ ತಿರುಗಿಸಿದರೆ ಕಾರು ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಸ್ವಿಫ್ಟಿನಲ್ಲಿ ಹಿಂದಿನ ಚಕ್ರಗಳಿಗೆ ಸ್ಪ್ರಿಂಗು ಬೇರೆ, ಷಾಕ್ ಅಬ್ಸಾರ್ಬರು ಬೇರೆ. ಆದ್ದರಿಂದ ಹಿಂದುಗಡೆ ಹೆಸರು ಮಾತ್ರ ಕಾಯಿಲ್‌ಓವರ್. ಇದನ್ನು ಹೇಳಿದಾಗ ಅವನಿಗೆ ಸ್ವಲ್ಪ ಅವಮಾನವಾದಂತಿತ್ತು.

ಸ್ಪ್ರಿಂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಸ್ಪ್ರಿಂಗಿನ ನಿಯಮವನ್ನು ಯಾರೂ ಕದಿಯದಿರಲೆಂದು ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿ, ಎರಡು ವರ್ಷದ ಮೇಲೆ ಬಿಡಿಸಿ ಹೇಳಿದ: ಎಷ್ಟು ಬಲ ಹಾಕುತ್ತೀರೋ ಅಷ್ಟೇ ಪ್ರಮಾಣದಲ್ಲಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಇದರಿಂದ ತಿಳಿಯುವ ಇನ್ನೊಂದು ಸಂಗತಿ ನನಗೆ ಹೊಸದು. ಸ್ಪ್ರಿಂಗು ಏಟನ್ನು ನುಂಗಿಬಿಡುತ್ತದೆ ಎಂದುಕೊಂಡಿದ್ದೆವಲ್ಲ, ಅದು ನುಂಗುವುದಿಲ್ಲ. ಒಳಗೆ ಇಟ್ಟುಕೊಂಡು ಮರುಕ್ಷಣವೇ ಹೆಚ್ಚು ಕಡಿಮೆ ಅಷ್ಟನ್ನೂ ಹಿಂದಕ್ಕೆ ಎಸೆಯುತ್ತದೆ. ಬರೀ ಸ್ಪ್ರಿಂಗಿದ್ದರೆ ಒಂದು ಹಳ್ಳ ಹಾರಿದ ಕಾರು ಫರ್ಲಾಂಗು ದೂರ ಕುಣಿಯುತ್ತಲೇ ಹೋದೀತು. ಆ ಕುಣಿತವನ್ನು ತಣಿಸುವುದು ಕೊಳವೆಯೊಳಗಿನ ಎಣ್ಣೆ. ಸಣ್ಣ ಸಣ್ಣ ತೂತುಗಳಲ್ಲಿ ತೂರಿ ಹೋಗುವಾಗ ಅದು ಬಿಸಿಯಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿದ ಕಾರಿನ ಷಾಕ್ ಅಬ್ಸಾರ್ಬರನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಏಟು ಎಲ್ಲೂ ಮಾಯವಾಗುವುದಿಲ್ಲ, ಯಾರದೋ ಮೈ ಬಿಸಿಯಾಗುತ್ತದೆ ಅಷ್ಟೆ.

ಕೆಲಸದಲ್ಲಿ ಅವನು ತೋರಿಸಿದ ಶ್ರದ್ಧೆಯನ್ನು ಮೆಚ್ಚಬೇಕು. ಜಾಕನ್ನು ನಂಬಿ ಕಾರಿನ ಕೆಳಗೆ ತಲೆ ಇಡಲಿಲ್ಲ, ಕಬ್ಬಿಣದ ಸ್ಟ್ಯಾಂಡು ಕೊಟ್ಟ, ಚಕ್ರಕ್ಕೆ ಕಲ್ಲು ಕೊಟ್ಟ. ಹಳೆಯ ಸ್ಪ್ರಿಂಗು ಕೂತಲ್ಲೇ ಅದುಮಿಟ್ಟ ಸಿಟ್ಟಿನ ಹಾಗೆ ಇರುತ್ತದಂತೆ, ಅದನ್ನು ಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಮುಖಕ್ಕೆ ಹಾರಿ ಪ್ರಾಣವೇ ಹೋಗಬಹುದು. ಅದಕ್ಕೇ ಹಳೆಯದನ್ನು ಬಿಡಿಸದೆ ಇಡಿಯಾಗಿಯೇ ಹೊರತೆಗೆದ. ಬ್ರೇಕಿನ ರಬ್ಬರು ನಳಿಕೆಗೆ ಭಾರ ಬೀಳದಂತೆ ಚಕ್ರದ ಗುಂಬವನ್ನು ತಂತಿಯಲ್ಲಿ ಕಟ್ಟಿದ. ಪ್ರತಿ ಬೋಲ್ಟಿಗೂ ಎಷ್ಟು ಬಿಗಿ ಎಂಬ ಲೆಕ್ಕವಿತ್ತು, ಅದಕ್ಕೆಂದೇ ಒಂದು ಟಾರ್ಕ್ ರೆಂಚು ಇತ್ತು. ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ರಬ್ಬರು ಬುಷ್ ಇರುವ ಬೋಲ್ಟುಗಳನ್ನು ಕಾರು ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದಂತೆ. ಮಾಡಿದರೆ ಕಾರು ಇಳಿದ ಮೇಲೆ ಆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಕೂತ ಮೇಲೆಯೇ ಕೊನೆಯ ಬಿಗಿ. ಮದುವೆಯ ಮಾತುಕತೆಯಲ್ಲೇ ಎಲ್ಲವನ್ನೂ ಗಂಟು ಹಾಕಿಬಿಡುವ ನಮ್ಮ ಹಿರಿಯರು ನೆನಪಾದರು.

ಆಮೇಲೆ ಅಳತೆ. ಚಕ್ರದ ನಡುವಿನಿಂದ ಮೇಲಿನ ಕಮಾನಿಗೆ ಎಷ್ಟು ಎಂದು ನಾಲ್ಕೂ ಕಡೆ ಟೇಪು ಹಿಡಿದು ಬರೆದುಕೊಂಡ. ಕಾರನ್ನು ಮೂವತ್ತು ಮಿಲಿಮೀಟರು ತಗ್ಗಿಸಿದ. ತಿರುಪನ್ನು ಪೂರ್ತಿ ಗಟ್ಟಿಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಟಿಕ್ಕು ಎಣಿಸಿ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇಟ್ಟ. "ಒಂದು ಕಡೆ ಮಾತ್ರ ಅಡ್ಜಸ್ಟ್ ಮಾಡಿದ್ರೆ ಗಾಡಿ ಎಳೆಯುತ್ತೆ ಚಿಕ್ಕಮ್ಮ" ಎಂದ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದಂತೆ. ಕೆಲವು ದಿನ ಓಡಿಸಿ, ಎಲ್ಲ ಕೂತುಕೊಂಡ ಮೇಲೆ ಮತ್ತೆ ಅಳೆದು, ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟೂ ಬೇರೆ ಕಡೆ ನೋಡುತ್ತದೆ. ಒಂದನ್ನು ಮುಟ್ಟಿದರೆ ನಾಲ್ಕನ್ನು ನೋಡಬೇಕು.

ಇಷ್ಟೆಲ್ಲ ಲೆಕ್ಕವಿಟ್ಟ ಹುಡುಗ ಒಂದು ಲೆಕ್ಕವನ್ನು ಬಿಟ್ಟಿದ್ದ. ಹಿಂದಿನ ಸೀಟಿನಲ್ಲಿ ಕೂರುವುದು ಅವನ ಅಮ್ಮ. ಅವಳಿಗೆ ಐವತ್ತೆಂಟು ವರ್ಷ, ಬೆನ್ನುಮೂಳೆಯ ಡಿಸ್ಕು ಒಮ್ಮೆ ಜಾರಿ ಎರಡು ತಿಂಗಳು ಹಲಗೆಯ ಮೇಲೆ ಮಲಗಿದ್ದವಳು.

ಲೆಕ್ಕ ಬಿಟ್ಟಿದ್ದ ಎಂದರೂ ಪೂರ್ತಿ ನ್ಯಾಯವಲ್ಲ. ಅವನು ಕೇಳಿದ. ಮೊದಲ ದಿನ ಬೇಲೂರಿಗೆ ಹೋಗಿಬಂದು, "ಹೇಗಿತ್ತಮ್ಮ?" ಎಂದ. "ಚೆನ್ನಾಗಿದೆ ಕಣೋ" ಎಂದಳು. "ಗಟ್ಟಿ ಅನ್ನಿಸ್ತಾ?" "ಪರವಾಗಿಲ್ಲ, ಅಡ್ಜಸ್ಟ್ ಆಗುತ್ತೆ." ಅವನು ಖುಷಿಯಾಗಿ ತಿರುಪು ಅಲ್ಲೇ ಬಿಟ್ಟ. ಅದಾದ ಮೇಲೆ ಅಕ್ಕ ಹೊರಗೆ ಹೊರಡುವುದೇ ಕಡಿಮೆಯಾಯಿತು. ನಾದಿನಿಯ ಮನೆಯ ಸೀಮಂತಕ್ಕೆ ಬರಲಿಲ್ಲ, ಮನೆಯಲ್ಲಿ ಹಪ್ಪಳದ ಕೆಲಸವಿದೆ ಎಂದಳು. ಸಕಲೇಶಪುರದ ಗೃಹಪ್ರವೇಶಕ್ಕೂ ಇಲ್ಲ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ, "ಆ ಕಾರಲ್ಲಿ ಕೂತ್ರೆ ಮೂರು ದಿನ ಸೊಂಟ ಎತ್ತಕ್ಕಾಗಲ್ಲ, ಅವನಿಗೆ ಹೇಳಬೇಡ, ಅಷ್ಟು ಆಸೆಪಟ್ಟು ಮಾಡಿದಾನೆ" ಎಂದಳು.

ಇದು ಸಹನೆಯೇ? ತಾಯಿಯ ಪ್ರೀತಿ ಎಂದು ನೀವು ಹೇಳುತ್ತೀರಿ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಅದರ ಫಲ ಏನಾಯಿತು ನೋಡಿ. ಸರಿಮಾಡುವ ಮನಸ್ಸಿದ್ದವನಿಗೆ, ಸರಿಮಾಡುವ ಸ್ಪ್ಯಾನರು ಕೈಯಲ್ಲಿದ್ದವನಿಗೆ, ತಪ್ಪು ಅಳತೆ ಸಿಕ್ಕಿತು. ಟೇಪು ಸುಳ್ಳು ಹೇಳಿದರೆ ಎಂಥ ಮೆಕ್ಯಾನಿಕ್ಕೂ ಏನು ಮಾಡಿಯಾನು? ಮಗನ ಸಂತೋಷಕ್ಕಾಗಿ ಅವಳು ನುಂಗಿದ ನೋವು ಮಗನ ಕೆಲಸವನ್ನೇ ಕೆಡಿಸಿತು. ಜೊತೆಗೆ, ಅವನಿಗೆ ಗೊತ್ತಿಲ್ಲದೆಯೇ ಅವನನ್ನು ಕಲ್ಲುಮನಸ್ಸಿನವನನ್ನಾಗಿ ಮಾಡಿತು. ನಾಳೆ ಗೊತ್ತಾದರೆ 'ಇಷ್ಟು ದಿನ ನಿನ್ನನ್ನು ಹಿಂಸೆ ಮಾಡಿದೆನಲ್ಲಮ್ಮ' ಎಂಬ ಕೊರಗು ಅವನಿಗೆ. ನುಂಗಿದ್ದು ಎಲ್ಲಿ ಹೋಗುತ್ತದೆ ಎಂದು ಆಗಲೇ ನೋಡಿದೆವಲ್ಲ.

ನಿಜವಾದ ಸಹನೆಗೂ ಜಾಗವಿದೆ. ರಸ್ತೆ ಕೆಟ್ಟಿದ್ದರೆ ಹಿಂದೆ ಕೂತವಳು ಗೊಣಗಿ ಪ್ರಯೋಜನವಿಲ್ಲ. ಓಡಿಸುವವನ ಕೈಯಲ್ಲಿ ರಸ್ತೆ ಇಲ್ಲ. ತೀರದ ಕಾಯಿಲೆ, ಹೋದವರ ದುಃಖ, ಮುಪ್ಪು, ಇವುಗಳಿಗೆ ತಿರುಪು ಇಲ್ಲ, ಅಲ್ಲಿ 'ಪರವಾಗಿಲ್ಲ' ಎನ್ನುವವರ ಮುಂದೆ ನಾನು ತಲೆಬಾಗುತ್ತೇನೆ. ನನ್ನ ತಕರಾರು ತಿರುಪು ಇರುವ ಕಡೆಯ ಸಹನೆಯ ಬಗ್ಗೆ. ಇವೆರಡನ್ನೂ ನಾವು ಒಂದೇ ತಟ್ಟೆಯಲ್ಲಿಟ್ಟು ಪೂಜೆ ಮಾಡುತ್ತೇವೆ.

ಆದರೂ ಹೆಂಗಸರು ಬಾಯಿ ಬಿಟ್ಟು ಹೇಳಲಿ ಎಂದುಬಿಡುವುದು ಸುಲಭ. ನಾನು ಅಷ್ಟಕ್ಕೇ ನಿಲ್ಲಲಾರೆ. ಎಲ್ಲರೂ ಸ್ಪ್ಯಾನರು ಹಿಡಿದು ಕೇಳುವುದಿಲ್ಲ. "ಏನಮ್ಮ, ನಮ್ಮ ಮನೆಗೆ ಹೊಂದಿಕೊಂಡೆಯಾ?" ಎಂದು ಹೊಸ ಸೊಸೆಯನ್ನು ಹತ್ತು ಜನರ ಮುಂದೆ ಕೇಳುವ ಮನೆಗಳಿವೆ. ಅದು ಪ್ರಶ್ನೆಯಲ್ಲ, ಉತ್ತರವನ್ನು ಅವಳ ಬಾಯಿಗೆ ತುರುಕುವ ರೀತಿ. ಅಲ್ಲಿ ಅವಳು 'ಇಲ್ಲ' ಎಂದರೆ ಬದಲಾಗುವುದು ಮನೆಯ ಯಾವ ತಿರುಪೂ ಅಲ್ಲ, ಅವಳ ಹೆಸರು. ಹಾಗೆ ಹತ್ತು ಸಲ ಕೇಳಿಸಿಕೊಂಡು ಹತ್ತು ಸಲವೂ ಚೆನ್ನಾಗಿದೆ ಎಂದು ಅಭ್ಯಾಸವಾದ ಹೆಂಗಸು, ಹನ್ನೊಂದನೆಯ ಸಲ ಮಗ ನಿಜವಾಗಿ ಕೇಳಿದಾಗಲೂ ಅದನ್ನೇ ಹೇಳುತ್ತಾಳೆ. ನನ್ನ ಅಕ್ಕನ ಉತ್ತರ ಮಗನ ಪ್ರಶ್ನೆಗೆ ಕೊಟ್ಟದ್ದಲ್ಲ. ಮೂವತ್ತೈದು ವರ್ಷದ ಹಿಂದೆ ಯಾರೋ ಕೇಳಿದ್ದಕ್ಕೆ ಕೊಟ್ಟದ್ದು.

ಇನ್ನೊಂದು ವಿಷಯಕ್ಕೆ ಅವನೊಂದಿಗೆ ಜಗಳವಾಡಿದೆ. ಕಾರು ತಗ್ಗಿಸಿದ್ದು ಯಾಕೆ? ನೋಡಲು ಚೆಂದ, ತಿರುವಿನಲ್ಲಿ ವಾಲುವುದು ಕಡಿಮೆ ಎಂದ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದು ಅವನಿಗೂ ಗೊತ್ತು. "ಯಾರು ನೋಡ್ತಾರೆ ಚಿಕ್ಕಮ್ಮ" ಎಂದ. ಅಮ್ಮನನ್ನಾದರೂ ಹೇಗಿದೆ ಎಂದು ಕೇಳಬಹುದು. ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹುಡುಗಿಯನ್ನು, ನನ್ನ ಷೆಡ್ಡಿನ ಕೆಲಸ ನಿನಗೆ ಒಪ್ಪಿಗೆಯೇ ಎಂದು ಕೇಳಲು ಬರುತ್ತದೆಯೇ? ಅವಳ ಪರವಾಗಿ ಕೇಳುವುದು ಕಾನೂನು ಮಾತ್ರ. ನನ್ನ ಕಾರು, ನನ್ನ ದುಡ್ಡು ಎನ್ನುವ ಮಾತು ಗೇಟಿನ ಒಳಗೆ ಸರಿ. ಕೊನೆಗೆ ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಲು ಒಪ್ಪಿದ. ಅಷ್ಟಕ್ಕೆ ಆ ದಿನ ಕದನವಿರಾಮ.

ಅಕ್ಕನ ವಿಷಯವನ್ನು ಅವಳೇ ಹೇಳಬೇಕು, ನಾನು ಹೇಳುವುದಿಲ್ಲ ಎಂದು ಅವಳಿಗೆ ಖಡಾಖಂಡಿತವಾಗಿ ತಿಳಿಸಿದೆ. ಮಗನಿಗೆ ಮಾತ್ರ, "ಹೇಗಿದೆ ಅಂತ ಕೇಳಬೇಡ, ಲೆಕ್ಕ ಕೇಳು" ಎಂದೆ. ಆಸ್ಪತ್ರೆಯಲ್ಲಿ ಈಗ ನೋವು ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರಲ್ಲ, ಹಾಗೆ. ಒಂದು ಭಾನುವಾರ ಅವನು ಅಮ್ಮನನ್ನು ಕೂರಿಸಿಕೊಂಡು ಒಂದೇ ರಸ್ತೆಯಲ್ಲಿ ಐದು ಸಲ ಓಡಾಡಿದ. ಆ ರಸ್ತೆಯಲ್ಲಿ ಎರಡು ಹಂಪು. ಹಂಪು ಹತ್ತು ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಿದೆ. ನಮ್ಮ ಬೀದಿಗಳಲ್ಲಿ ಅವು ಮಲಗಿದ ಹಂದಿಯ ಹಾಗಿರುತ್ತವೆ. ಪ್ರತಿ ಸಲವೂ ಹಿಂದಿನ ತಿರುಪನ್ನು ಮೂರು ಮೂರು ಟಿಕ್ಕು ಸಡಿಲಿಸಿ, ಹತ್ತಕ್ಕೆ ಎಷ್ಟಮ್ಮ ಎಂದು ಕೇಳಿ ಪುಸ್ತಕದಲ್ಲಿ ಬರೆದ. ಮೊದಲ ಸಲ ಅವಳು "ಎರಡು" ಎಂದಳಂತೆ. ಅವನು ಸುಮ್ಮನೆ ಅವಳ ಮುಖ ನೋಡಿದನಂತೆ. ಸ್ವಲ್ಪ ತಡೆದು "ಏಳು ಅಂತ ಬರ್ಕೋ" ಎಂದಳು. ನಾಲ್ಕನೆಯ ಸುತ್ತಿಗೆ ಅದು ಮೂರಕ್ಕೆ ಇಳಿಯಿತು. ಐದನೆಯದಕ್ಕೆ ಮತ್ತೆ ಐದಕ್ಕೆ ಏರಿತು. ತೀರ ಮೆತ್ತಗಾದರೆ ಕಾರು ತೊಟ್ಟಿಲಿನಂತೆ ತೂಗಿ ಹೊಟ್ಟೆ ತೊಳಸುತ್ತದೆ, ಚಕ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದೂ ಅವಳಿಗೇ ಮೊದಲು ಗೊತ್ತಾಯಿತು.

ಊಟಕ್ಕೆ ಕೂತಾಗ ಅವನು, "ಇನ್ನೂ ಮೂರು ಉಳಿದಿದೆಯಲ್ಲಮ್ಮ, ಅದೇನು?" ಎಂದ. "ಕಾರು ತಗ್ಗಿರೋದು. ಹತ್ತೋವಾಗ ಇಳಿಯೋವಾಗ ಮಂಡಿ ಹಿಡಿಯುತ್ತೆ, ಹಂಪಿಗೆ ಹೊಟ್ಟೆ ತಾಗುತ್ತೆ" ಎಂದಳು. ಎತ್ತಿದರೆ ಮತ್ತೆ ಅಳತೆ, ಮತ್ತೆ ಅಲೈನ್‌ಮೆಂಟು, ಇನ್ನೊಂದು ಭಾನುವಾರ, ದುಡ್ಡು ಬೇರೆ ಎಂದು ಅವನು ಲೆಕ್ಕ ಒಪ್ಪಿಸಿದ. ಅಕ್ಕ ಅನ್ನಕ್ಕೆ ಹುಳಿ ಕಲಸುತ್ತ, "ಸರಿ, ಮಾಡು ಮತ್ತೆ" ಎಂದಳು.

ಮುಂದಿನ ಸೀಟಿನಲ್ಲೇ ಯಾವಾಗಲೂ ಕೂರುವ ಭಾವ ತಲೆಯೆತ್ತಿ, "ನಂಗೇನೂ ಗೊತ್ತೇ ಆಗಿರಲಿಲ್ವಲ್ಲ" ಎಂದರು.